ಟ್ರ್ಯಾಕ್ ಡೇಗೆ ಒಯ್ಯುವ ಸ್ಪೋರ್ಟ್ಸ್ ಕಾರಿನ ವಿಮೆ: ಪಾಲಿಸಿಯಲ್ಲಿ ಯಾವ ಸಾಲು ನೋಡಬೇಕು?

ಮಿಡ್‌ಎಂಜಿನ್

ಎರಡು ಸೀಟಿನ ಕಾರು. ರಸ್ತೆಯಲ್ಲೂ ಓಡುತ್ತದೆ, ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕ್ ಡೇಗೂ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ) ಹೋಗುತ್ತದೆ. ಸೀಟಿನ ಹಿಂದೆ ಅರ್ಧ ರೋಲ್ ಕೇಜ್ (ಕಾರು ಉರುಳಿದರೆ ಕಾಪಾಡುವ ಕೊಳವೆ ಚೌಕಟ್ಟು), ಸೆಮಿ ಸ್ಲಿಕ್ ಟೈರು (ಗೆರೆ ಕಡಿಮೆ, ಹಿಡಿತ ಹೆಚ್ಚು), ಬೇರೆ ಬ್ರೇಕ್ ಪ್ಯಾಡ್ ಹಾಕಿದೆ, ಎಂಜಿನ್ ಮುಟ್ಟಿಲ್ಲ. ಸಮಗ್ರ ಪಾಲಿಸಿಯಲ್ಲಿ ‘ರೇಸಿಂಗ್, ಪೇಸ್‌ಮೇಕಿಂಗ್, ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ’ ಎಂಬ ಸಾಲಿದೆ. ಟ್ರ್ಯಾಕ್ ಡೇಯಲ್ಲಿ ಸ್ಪರ್ಧೆಯೂ ಇಲ್ಲ, ಲ್ಯಾಪ್ ಟೈಮಿಂಗೂ ಇಲ್ಲ. ಆದರೂ ಈ ಸಾಲು ತಾಗುತ್ತದೆಯೇ? ಪ್ರತ್ಯೇಕ ಟ್ರ್ಯಾಕ್ ಡೇ ಪಾಲಿಸಿ ಕೊಂಡರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಕೇಜ್ ಇರುವುದನ್ನು ರಸ್ತೆ ವಿಮೆಯವರಿಗೂ ಹೇಳಬೇಕೇ?

ಷರತ್ತು_ಓದುಗ

ಆ ಒಂದು ಸಾಲು ಓದಿ ತೀರ್ಮಾನಕ್ಕೆ ಬರಬೇಡಿ. ಹೊರಗಿಡುವ ಷರತ್ತನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ, ಮೂರರ ಅರ್ಥವೂ ಬೇರೆ.

ಮೊದಲನೆಯದು ಉದ್ದೇಶವನ್ನು ನೋಡುತ್ತದೆ: ‘ಸ್ಪರ್ಧೆಗಾಗಿ, ಅದರ ಅಭ್ಯಾಸಕ್ಕಾಗಿ, ಅದರ ತಯಾರಿಗಾಗಿ’. ಇಲ್ಲಿ ಸ್ಪರ್ಧೆ ಇಲ್ಲದ ದಿನಕ್ಕೆ ವಾದಿಸಲು ಸ್ವಲ್ಪ ಜಾಗವಿದೆ. ಎರಡನೆಯದು ಜಾಗವನ್ನು ನೋಡುತ್ತದೆ: ‘ರೇಸಿಂಗ್‌ಗಾಗಿ ಕಟ್ಟಿದ ಯಾವುದೇ ಆವರಣದಲ್ಲಿ’. ಇಲ್ಲಿ ನಿಮ್ಮ ಉದ್ದೇಶ ಲೆಕ್ಕಕ್ಕೇ ಬರುವುದಿಲ್ಲ. ಪ್ಯಾಡಕ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕದ ಅಂಗಳದಲ್ಲಿ, ನಿಂತ ಕಾರಿಗೆ ಇನ್ನೊಬ್ಬರು ಗುದ್ದಿದರೂ ಕ್ಲೇಮ್ ತಿರಸ್ಕರಿಸಬಹುದು. ಮೂರನೆಯದು ‘ಚಾಲನಾ ಕೌಶಲ ತರಬೇತಿ’ ಎಂಬುದನ್ನೂ ಸೇರಿಸಿಬಿಡುತ್ತದೆ. ತರಬೇತುದಾರ ಪಕ್ಕದಲ್ಲಿ ಕೂತಿದ್ದರು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ನೀವು ಹೇಳಿದ ಸಾಲಿನಲ್ಲಿ ‘ವೇಗ ಪರೀಕ್ಷೆ’ ಎಂಬ ಮಾತಿದೆ. ಕಾರಿನಲ್ಲಿ ಲ್ಯಾಪ್ ಟೈಮರ್ ಅಥವಾ ಫೋನಿನ ಟೈಮಿಂಗ್ ಆ್ಯಪ್ ಓಡುತ್ತಿದ್ದರೆ ಅದೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಹಲವು ಆಯೋಜಕರು ಟೈಮರ್‌ಗಳನ್ನೇ ನಿಷೇಧಿಸುವುದಕ್ಕೆ ಇದೂ ಒಂದು ಕಾರಣ.

‘ಸ್ಪರ್ಧೆ ಇಲ್ಲ’ ಎಂಬ ವಾದ ಎಷ್ಟು ದುರ್ಬಲ ಎನ್ನುವುದಕ್ಕೆ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನೋಡಿ. 20.8 ಕಿಲೋಮೀಟರ್ ಉದ್ದದ ನಾರ್ಡ್‌ಶ್ಲೈಫೆ, ಪ್ರವಾಸಿ ದಿನಗಳಲ್ಲಿ ಕಾನೂನಿನ ಲೆಕ್ಕಕ್ಕೆ ಶುಲ್ಕ ಕೊಟ್ಟು ಹೋಗುವ ಏಕಮುಖ ರಸ್ತೆ. ಸಂಚಾರ ನಿಯಮಗಳೂ ಅನ್ವಯಿಸುತ್ತವೆ. ಆದರೂ ಅದನ್ನು ಹೆಸರು ಹೇಳಿಯೇ ಹೊರಗಿಟ್ಟ ಪಾಲಿಸಿಗಳಿವೆ.

ಆದ್ದರಿಂದ ಏಜೆಂಟರ ಬಾಯಿಮಾತು ನೆಚ್ಚಬೇಡಿ. ‘ಸ್ಪರ್ಧೆಯಿಲ್ಲದ, ಸಮಯ ಅಳೆಯದ ಟ್ರ್ಯಾಕ್ ಡೇಯಲ್ಲಿ, ಇಂಥ ಟ್ರ್ಯಾಕ್‌ನಲ್ಲಿ, ಸ್ವಂತ ಕಾರಿಗೆ ಆಗುವ ಹಾನಿ ಈ ಪಾಲಿಸಿಯಲ್ಲಿ ಸೇರಿದೆಯೇ?’ ಎಂದು ವಿಮಾ ಕಂಪನಿಗೇ ಬರೆದು, ಲಿಖಿತ ಉತ್ತರ ತರಿಸಿಕೊಳ್ಳಿ. ಉತ್ತರ ಬರದಿದ್ದರೆ ‘ಇಲ್ಲ’ ಎಂದೇ ತಿಳಿಯಿರಿ.

ಏಪೆಕ್ಸ್_ತಡವಾಗಿ

ಪ್ರತ್ಯೇಕ ಪಾಲಿಸಿಯ ಬಗ್ಗೆ. ಒಂದು ದಿನದ್ದೂ ಸಿಗುತ್ತದೆ, ವರ್ಷಕ್ಕೆ ಇಷ್ಟು ದಿನ ಎಂಬ ಲೆಕ್ಕದ್ದೂ ಸಿಗುತ್ತದೆ. ನಾಲ್ಕೈದು ದಿನಕ್ಕೆ ಎರಡನ್ನೂ ಕೇಳಿ ಹೋಲಿಸಿ. ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ಕೇಳಿ: ಕಾರು ಪೂರ್ತಿ ಹಾಳಾದರೆ ಎಷ್ಟು ಕೊಡುತ್ತಾರೆ ಎಂಬುದು ಮೊದಲೇ ನಿಗದಿಯಾಗಿರಬೇಕು. ಕೇಜ್, ಸಸ್ಪೆನ್ಷನ್, ಎರಡನೇ ಸೆಟ್ ಚಕ್ರ ಎಲ್ಲವನ್ನೂ ಬಿಲ್ಲು, ಫೋಟೋ ಸಮೇತ ಆ ಮೌಲ್ಯದೊಳಗೆ ಸೇರಿಸಿ. ಪಟ್ಟಿಯಲ್ಲಿ ಇಲ್ಲದ್ದು ಕ್ಲೇಮ್ ದಿನ ಕಾರಿನಲ್ಲೂ ಇಲ್ಲ.

ಎಲ್ಲರೂ ಎಡವುವುದು ಎಕ್ಸೆಸ್‌ನಲ್ಲಿ, ಅಂದರೆ ನಿಮ್ಮ ಕೈಯಿಂದ ಹೋಗುವ ಪಾಲಿನಲ್ಲಿ. ಟ್ರ್ಯಾಕ್ ಪಾಲಿಸಿಯಲ್ಲಿ ಅದು ಹೆಚ್ಚಾಗಿ ಒಪ್ಪಿತ ಮೌಲ್ಯದ ಶೇಕಡಾವಾರು ಲೆಕ್ಕ. ಆದ ಹಾನಿಯ ಶೇಕಡಾವಾರು ಅಲ್ಲ. ಕಾರಿನ ಮೌಲ್ಯ 100, ಎಕ್ಸೆಸ್ ಶೇ 10 ಎಂದಿಟ್ಟುಕೊಳ್ಳಿ. ರಿಪೇರಿ 8 ಆದರೆ ವಿಮೆಯಿಂದ ಬರುವುದು ಸೊನ್ನೆ. 35 ಆದರೆ 25. ಬಂಪರ್, ರೇಡಿಯೇಟರ್, ಒಂದು ಸಸ್ಪೆನ್ಷನ್ ತೋಳು ಹೋದ ಮಟ್ಟದ ಹೊಡೆತ ಬಹುತೇಕ ನಿಮ್ಮ ಜೇಬಿನದೇ. ಈ ವಿಮೆ ಇರುವುದು ಕಾರು ಗೋಡೆಗೆ ಬಡಿದು ಚಾಸಿ ಬಾಗುವ ದಿನಕ್ಕೆ.

ಸಾಮಾನ್ಯವಾಗಿ ಇದರಲ್ಲಿ ಸೇರದವು: ಎಂಜಿನ್ ಮತ್ತು ಗೇರ್‌ಬಾಕ್ಸ್ ಒಳಗಿನ ವೈಫಲ್ಯ, ಟೈರು–ಪ್ಯಾಡ್–ಡಿಸ್ಕ್ ಸವೆತ, ತಪ್ಪು ಗೇರ್ ಹಾಕಿ ಎಂಜಿನ್ ಓವರ್‌ರೆವ್ ಆಗಿದ್ದು (ಮಿತಿ ಮೀರಿದ ವೇಗದಲ್ಲಿ ತಿರುಗಿದ್ದು). ಇನ್ನೊಬ್ಬರ ಕಾರಿಗೆ ಮಾಡಿದ ಹಾನಿಯೂ ಹಲವು ಪಾಲಿಸಿಗಳಲ್ಲಿ ಇರುವುದಿಲ್ಲ. ಬೆಳಿಗ್ಗೆ ಸಹಿ ಹಾಕುವ ಪತ್ರದಲ್ಲೇ ಪರಸ್ಪರ ಹೊಣೆ ಕೇಳುವುದಿಲ್ಲ ಎಂದು ಬರೆದಿರುತ್ತಾರೆ, ಅದನ್ನೂ ಓದಿ. ಬ್ಯಾರಿಯರ್ (ಟ್ರ್ಯಾಕ್ ಅಂಚಿನ ತಡೆಗೋಡೆ) ಹಾನಿ, ಟ್ರ್ಯಾಕ್ ಮೇಲೆ ಚೆಲ್ಲಿದ ಆಯಿಲ್ ಶುಚಿ ಮಾಡುವ ಖರ್ಚು, ಕಾರು ಎತ್ತಿ ಸಾಗಿಸುವ ಖರ್ಚು, ಇವು ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಬ್ಯಾರಿಯರ್ ಬಿಲ್ ಕೆಲವು ಟ್ರ್ಯಾಕ್‌ಗಳಲ್ಲಿ ನೇರವಾಗಿ ಚಾಲಕರ ಹೆಸರಿಗೇ ಬರುತ್ತದೆ.

ಟ್ರೇಲರ್ ಮೇಲೆ ಒಯ್ಯುವುದಾದರೆ, ಹತ್ತಿಸುವಾಗ ಇಳಿಸುವಾಗ ಆಗುವ ಹಾನಿ ಯಾರ ತಲೆಗೆ ಎಂಬುದನ್ನೂ ಕೇಳಿ. ಎರಡು ಪಾಲಿಸಿಗಳ ನಡುವಿನ ಸಂದಿ ಅಲ್ಲೇ ಇರುತ್ತದೆ.

ಮಿಡ್‌ಎಂಜಿನ್

ಬ್ರೇಕ್ ಕೈಕೊಟ್ಟು ಬ್ಯಾರಿಯರ್‌ಗೆ ಹೋದರೆ? ಅದು ಯಾಂತ್ರಿಕ ವೈಫಲ್ಯವೋ, ಅಪಘಾತವೋ?

ಬ್ಲೀಡ್_ನಿಪ್ಪಲ್

ಸರಿಯಾದ ಪ್ರಶ್ನೆ. ಷರತ್ತು ‘ಯಾಂತ್ರಿಕ ವೈಫಲ್ಯ ಸೇರಿಲ್ಲ’ ಎಂದಷ್ಟೇ ಇದ್ದರೆ ಕೆಟ್ಟ ಭಾಗ ನಿಮ್ಮದು, ಗೋಡೆಗೆ ಬಡಿದ ಹಾನಿಯನ್ನು ಕೇಳಬಹುದು. ‘ಯಾಂತ್ರಿಕ ವೈಫಲ್ಯದಿಂದ ಉಂಟಾದ ಹಾನಿಯೂ ಸೇರಿಲ್ಲ’ ಎಂದಿದ್ದರೆ ಎರಡೂ ಹೋಯಿತು. ಕೊಳ್ಳುವ ಮುಂಚೆ ಈ ಪದಗಳನ್ನು ಹುಡುಕಿ.

ಯಾವ ಪಾಲಿಸಿಯಾದರೂ ಸರ್ವೇಯರ್ (ಹಾನಿ ಅಂದಾಜಿಸಲು ಬರುವವರು) ಮೊದಲು ನೋಡುವುದು ನಿರ್ವಹಣೆಯನ್ನು. ಬ್ರೇಕ್ ಫ್ಲೂಯಿಡ್ ನೀರು ಹೀರುತ್ತದೆ. ಡಾಟ್ 4 ಮಾನದಂಡದಲ್ಲಿ ಹೊಸ ಫ್ಲೂಯಿಡ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಮೇಲೆ ಕನಿಷ್ಠ 155. ಡಾಟ್ 5.1ಕ್ಕೆ ಅವು 260 ಮತ್ತು 180. ಎರಡು ವರ್ಷದ ಹಳೇ ಫ್ಲೂಯಿಡ್ ಟ್ರ್ಯಾಕ್ ಬಿಸಿಗೆ ಕುದಿದು ಆವಿಯಾಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಅದು ಪ್ಯಾಡ್ ಫೇಡ್ (ಬಿಸಿಗೆ ಪ್ಯಾಡ್ ಹಿಡಿತ ಕಳೆದುಕೊಳ್ಳುವುದು), ಬೇರೆ ಕಾಯಿಲೆ. ಟ್ರ್ಯಾಕ್ ದಿನಕ್ಕೆ ಮುಂಚೆ ಫ್ಲೂಯಿಡ್ ಪೂರ್ತಿ ಬದಲಾಯಿಸಿ, ದಿನಾಂಕವಿರುವ ಬಿಲ್ ಇಟ್ಟುಕೊಳ್ಳಿ. ಪ್ಯಾಡ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಹೊಸದು ಹಾಕಿ.

ಟೈರಿನ ಪಕ್ಕದ ನಾಲ್ಕಂಕಿ ಕೋಡ್ ಫೋಟೋ ತೆಗೆದಿಡಿ. 2322 ಎಂದರೆ 2022ರ 23ನೇ ವಾರದಲ್ಲಿ ಮಾಡಿದ್ದು. ಮೊದಲ ಸೆಷನ್ ಮುಗಿದು ಚಕ್ರ ತಣ್ಣಗಾದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡಿ. ಇದಿಷ್ಟೂ ಮಾಡಿದ್ದಕ್ಕೆ ಫೋಟೋ ಇದ್ದರೆ ‘ನಿರ್ಲಕ್ಷ್ಯ’ ಎಂಬ ಮಾತು ನಿಲ್ಲುವುದು ಕಷ್ಟ.

ಷರತ್ತು_ಓದುಗ

ಕೇಜ್ ಪ್ರಶ್ನೆ ಉಳಿದಿತ್ತು. ಹೌದು, ರಸ್ತೆ ವಿಮೆಯವರಿಗೆ ಹೇಳಲೇಬೇಕು. ಸೆಮಿ ಸ್ಲಿಕ್ ಟೈರನ್ನೂ, ಪ್ಯಾಡನ್ನೂ ಹೇಳಿ. ಮುಚ್ಚಿಟ್ಟ ಮಾರ್ಪಾಡು, ಟ್ರ್ಯಾಕಿಗೆ ಸಂಬಂಧವೇ ಇಲ್ಲದ ರಸ್ತೆ ಅಪಘಾತದ ಕ್ಲೇಮನ್ನೂ ಕೆಡಿಸಬಲ್ಲದು. ಹಾರ್ನೆಸ್ (ರೇಸಿಂಗ್ ಬೆಲ್ಟ್) ಹಾಕುವುದಾದರೆ ಕಾರಿನ ಜೊತೆ ಬಂದ ಮೂರು ಬಿಂದುವಿನ ಬೆಲ್ಟ್ ಕೀಳಬೇಡಿ, ರಸ್ತೆಗೆ ಅದೇ ಬೇಕು. ಕೇಜ್ ಕೊಳವೆ ತಲೆಗೆ ತಾಗುವಷ್ಟು ಹತ್ತಿರವಿದ್ದರೆ ಗಟ್ಟಿ ಪ್ಯಾಡಿಂಗ್ ಸುತ್ತಲೇಬೇಕು. ರಸ್ತೆಯಲ್ಲಿ ನೀವು ಹೆಲ್ಮೆಟ್ ಹಾಕಿರುವುದಿಲ್ಲ.

ಟ್ರ್ಯಾಕ್ ಪಾಲಿಸಿಯಲ್ಲಿ ಕ್ಲೇಮ್ ಆಗಿದ್ದರೆ, ಮುಂದೆ ರಸ್ತೆ ವಿಮೆ ನವೀಕರಿಸುವಾಗ ಕೇಳಿದ ಪ್ರಶ್ನೆಗೆ ನಿಜ ಹೇಳಿ. ಟ್ರ್ಯಾಕಿನಲ್ಲಿ ಆದದ್ದನ್ನು ರಸ್ತೆಯಲ್ಲಿ ಆಯಿತು ಎಂದು ಬರೆಯುವುದು ವಂಚನೆ. ಸರ್ವೇಯರ್‌ಗೆ ಟೈರಿನ ಮೇಲಿನ ರಬ್ಬರ್ ಗುಳ್ಳೆ ನೋಡಿದರೇ ಸಾಕು, ಗೊತ್ತಾಗುತ್ತದೆ.

ಏಪೆಕ್ಸ್_ತಡವಾಗಿ

ಒಂದು ಸೇರಿಸುತ್ತೇನೆ. ಬಡಿದ ಕಾರನ್ನು ಕಾಣುವ ಹಾನಿ ಕಡಿಮೆ ಎಂದು ಓಡಿಸಿಕೊಂಡು ಮನೆಗೆ ಹೊರಡಬೇಡಿ. ಟ್ರ್ಯಾಕ್ ಪಾಲಿಸಿ ಗೇಟಿನಲ್ಲಿ ಮುಗಿಯುತ್ತದೆ. ಬಾಗಿದ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಇಟ್ಟುಕೊಂಡು ರಸ್ತೆಗಿಳಿದರೆ ರಸ್ತೆ ಪಾಲಿಸಿಯೂ ಪ್ರಶ್ನೆಗೆ ಒಳಗಾಗುತ್ತದೆ. ಕಾರು ಕದಲಿಸುವ ಮುಂಚೆ ನಾಲ್ಕೂ ಮೂಲೆಯ ಫೋಟೋ, ಟ್ರ್ಯಾಕ್ ಸಿಬ್ಬಂದಿಯ ಘಟನಾ ವರದಿಯ ಪ್ರತಿ, ಅದೇ ದಿನ ವಿಮೆಯವರಿಗೆ ಇಮೇಲ್. ಸರ್ವೇಯರ್ ನೋಡುವ ತನಕ ಒಂದು ಬೋಲ್ಟ್ ಕೂಡ ಬಿಚ್ಚಿಸಬೇಡಿ.