ಪದಚರ್ಚೆ: ‘ವೆದರ್‌ಪ್ರೂಫ್’ ಈಥರ್ನೆಟ್ ಕೇಬಲ್‌ಗೆ ಏನನ್ನೋಣ?

ಪ್ರಶ್ನೆ:
ಕಂಬದ ಮೇಲೆ ಕೂರಿಸುವ ವೈರ್‌ಲೆಸ್ ಉಪಕರಣದ ಕೈಪಿಡಿ ಅನುವಾದಿಸುತ್ತಿದ್ದೇನೆ. ಇವತ್ತು ಸಂಜೆಯೊಳಗೆ ಕಳಿಸಬೇಕು. ‘ವೆದರ್‌ಪ್ರೂಫ್ ಕೇಬಲ್’ಗೆ ‘ಹವಾಮಾನ ನಿರೋಧಕ’ ಎಂದು ಹಾಕಿದ್ದೇನೆ. ಯಾಕೋ ಒಪ್ಪುತ್ತಿಲ್ಲ. ‘ಜಲನಿರೋಧಕ’ ಸಾಕಾ? ಕೇಬಲ್ ಒಳಗೆ ಹೋಗುವ ತೂತಿಗೆ ಬಿಗಿಯುವ ‘ಗ್ಲಾಂಡ್’ಗೂ ಪದ ಬೇಕು. ನಿಘಂಟಿನಲ್ಲಿ ‘ಗ್ರಂಥಿ’ ಅಂತಿದೆ.

ಉತ್ತರ 1:
‘ಗ್ರಂಥಿ’ ಬೇಡವೇ ಬೇಡ. ಅದು ಮೈಯೊಳಗಿನದು. ಗ್ಲಾಂಡ್ ಎಂದೇ ಬಿಡಿ.
‘ಜಲನಿರೋಧಕ’ ಸಾಲದು. ಮನೆಯೊಳಗೆ ಬಳಸುವ ಕೇಬಲ್‌ನ ಪಿವಿಸಿ ಹೊದಿಕೆಯನ್ನು ಕೆಡಿಸುವುದು ಬಿಸಿಲು. ಗಡುಸಾಗಿ ಬಿರುಕು ಬಿಡುತ್ತದೆ. ನೀರು ಆಮೇಲೆ ಆ ಬಿರುಕಿನಿಂದ ನುಗ್ಗುತ್ತದೆ. ಹೊರಗಿನ ಕೇಬಲ್‌ಗೆ ಕಪ್ಪು ಪಾಲಿಎಥಿಲೀನ್ ಹೊದಿಕೆ ಇರುವುದು ಅದಕ್ಕೇ. ಐಪಿ67 (ದೂಳು, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು) ಅಂತ ಬರೆದಿದ್ದರೂ ಅಷ್ಟೇ. ದೂಳು ಹೋಗದು, 1 ಮೀಟರ್ ನೀರಿನಲ್ಲಿ 30 ನಿಮಿಷ ತಾಳುತ್ತದೆ. ಬಿಸಿಲಿನ ಮಾತೇ ಅದರಲ್ಲಿಲ್ಲ. ‘ಮಳೆ-ಬಿಸಿಲು ತಾಳುವ ಕೇಬಲ್’ ಅನ್ನಿ.
ಇನ್ನು ‘ಹವಾಮಾನ’. ಮಾನ ಅಂದರೆ ಅಳತೆ. ಅಳತೆಯನ್ನು ಕೇಬಲ್ ಹೇಗೆ ತಡೆಯುತ್ತದೆ?

ಉತ್ತರ 2:
ಪದ ಕೇಳಿದರೆ ವಾಕ್ಯ ಕೊಟ್ಟಿದ್ದೀರಿ. ಪೆಟ್ಟಿಗೆಯ ಚೀಟಿಯಲ್ಲಿ ಇದು ಹಿಡಿಸುವುದಿಲ್ಲ. ‘ಮಳೆನಿರೋಧಕ’ ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು), ಅದೂ ಸಲ್ಲದು. ಅದಿರಲಿ, ‘ಕೇಬಲ್’ ಯಾಕೆ? ‘ತಂತಿ’ ಇದೆ ಅಲ್ವಾ? ಹೀಗೆ ಎರವಲು ತರುತ್ತಾ ಹೋದರೆ ಕೊನೆಗೆ ನಮ್ಮದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಉತ್ತರ 1:
‘ತಂತಿ’ ಸಂಸ್ಕೃತದ ತಂತ್ರಿಯ ತದ್ಭವ. ‘ಹವಾ’ ಅರಬ್ಬಿಯದು. ಅವೆಲ್ಲ ಮನೆಯವು, ಕೇಬಲ್ ಮಾತ್ರ ಹೊರಗಿನದಾ?
ಒಮ್ಮೆ ಕೇಬಲ್ ಸುಲಿದು ನೋಡಿ. ಒಳಗೆ ಎಂಟು ತಂತಿ, ಎರಡೆರಡು ಹೊಸೆದು ನಾಲ್ಕು ಜೋಡಿ. (ಕೈಪಿಡಿಯಲ್ಲೂ ‘ತಿರುಚಿದ ಜೋಡಿ’ ಬೇಡ, ‘ಹೊಸೆದ ಜೋಡಿ’ ಅನ್ನಿ. ಬತ್ತಿ ಹೊಸೆಯುವ ಕೆಲಸವೇ ಅದು.) ಹೊರಗಿನದನ್ನೂ ತಂತಿ ಅಂದರೆ ‘ತಂತಿಯೊಳಗಿನ ತಂತಿ ತುಂಡಾಗಿದೆ’ ಎಂದು ಬರೆಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಚೀಟಿಗೆ ‘ಹೊರಾಂಗಣ ಕೇಬಲ್’ ಹಾಕುತ್ತೇನೆ. ಕೈಪಿಡಿಯಲ್ಲಿ ‘ಮಳೆ-ಬಿಸಿಲು ತಾಳುವ’ ಎಂದು ಬಿಡಿಸಿ ಹೇಳುತ್ತೇನೆ. ಇನ್ನೊಂದು ಉಳಿದಿದೆ. ಮಳೆನೀರು ತೊಟ್ಟಿಕ್ಕಿ ಹೋಗಲಿ ಅಂತ ಕೇಬಲನ್ನು ಕೆಳಗೆ ಬಾಗಿಸಿ ಮತ್ತೆ ಮೇಲೇರಿಸುತ್ತಾರಲ್ಲ, ‘ಡ್ರಿಪ್ ಲೂಪ್’, ಅದಕ್ಕೇನು?

ಉತ್ತರ 2:
‘ಹೊರಾಂಗಣ’ವೂ ಅರಿಸಮಾಸವೇ. ರೂಢಿಗೆ ಬಂದಿದೆ, ಬಿಡಿ. ಡ್ರಿಪ್ ಲೂಪ್‌ಗೆ ‘ಹನಿಬಾಗು’. ಹನಿ, ಬಾಗು ಎರಡೂ ಅಚ್ಚಗನ್ನಡ.

ಉತ್ತರ 1:
‘ಹನಿಬಾಗು’ ಚೆನ್ನಾಗಿದೆ, ಒಪ್ಪಿದೆ. ಆದರೆ ಪದ ಮೊದಲ ಸಲ ಬಂದ ಕಡೆ ‘ಕೇಬಲ್ ಬಾಗಿದ ಜಾಗ ಗ್ಲಾಂಡ್‌ಗಿಂತ ಕೆಳಗಿರಲಿ’ ಎಂದೂ ಸೇರಿಸಿ. ಬಾಗು ಮೇಲಿದ್ದರೆ ನೀರು ಕೇಬಲ್ ಗುಂಟ ಸೀದಾ ಗ್ಲಾಂಡ್‌ಗೇ ಇಳಿಯುತ್ತದೆ.