ಮುಖ ಕೆಂಪಾಗುವ ಜಪಾನೀಯರಿಗೆ ಕುಡಿತದ ಚಟ ಹತ್ತುವುದಿಲ್ವಾ?

ಪ್ರಶ್ನೆ (ಯೊಕೊಹಾಮಾದಿಂದ ಒಬ್ಬರು): ಡಾಕ್ಟ್ರೇ, ನಮಸ್ಕಾರ. ನಮ್ಮ ಟೀಮಿನಲ್ಲಿ ಜಪಾನಿನ ಹಿರಿಯರೊಬ್ಬರಿದ್ದಾರೆ, ವಯಸ್ಸು 58. ಮೊದಲೆಲ್ಲ ಅರ್ಧ ಗ್ಲಾಸ್ ಬಿಯರ್‌ಗೇ ಮುಖ, ಕಿವಿ ಕೆಂಪಾಗುತ್ತಿತ್ತಂತೆ. "ಕುಡಿದು ಕುಡಿದು ಅಭ್ಯಾಸ ಆಯ್ತು" ಅಂತ ನಗುತ್ತಾರೆ. ಈಗ ರಾತ್ರಿ ಮನೆಯಲ್ಲಿ ಒಬ್ಬರೇ ಕೂತು ಶೋಚು (ಜಪಾನಿನ ಭಟ್ಟಿ ಮದ್ಯ) ಕುಡಿಯುತ್ತಾರೆ. ಬೆಳಿಗ್ಗೆ ಒಪ್ಪಿಕೊಂಡ ಕೆಲಸ ಸಂಜೆಗೆ ನೆನಪಿರುವುದಿಲ್ಲ. ಅವರ ಹೆಂಡತಿ ನನ್ನಾಕೆಯ ಹತ್ತಿರ ಹೇಳಿಕೊಂಡು ಅತ್ತರು. ಮುಖ ಕೆಂಪಾಗುವವರಿಗೆ ಚಟ ಹತ್ತುವುದೇ ಇಲ್ಲ ಅಂತಾರಲ್ಲ, ನಿಜಾನಾ?

ಡಾಕ್ಟರ್: ಅರ್ಧ ನಿಜ. ಆ ಅರ್ಧವನ್ನು ನಂಬಿಕೊಂಡೇ ಎಷ್ಟೋ ಜನ ಕೆಡುತ್ತಾರೆ.

ಮದ್ಯ ಒಳಗೆ ಹೋದ ಮೇಲೆ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಅದನ್ನು ಕರಗಿಸುವ ಕಿಣ್ವದ ಹೆಸರು ಎಎಲ್‌ಡಿಎಚ್-2. ಜಪಾನಿನಲ್ಲಿ ಸುಮಾರು 40% ಜನರಿಗೆ ಈ ಕಿಣ್ವದ ಕೆಲಸ ಹುಟ್ಟಿನಿಂದಲೇ ಮಂದ, ಇಲ್ಲವೇ ಪೂರ್ತಿ ನಿಂತಿರುತ್ತದೆ. ವಿಷ ರಕ್ತದಲ್ಲೇ ಉಳಿಯುತ್ತದೆ. ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ ಬಂದ ಹಾಗಾಗುತ್ತದೆ. ಕುಡಿತ ಬಿಡಿಸಲು ನಾವು ಕೊಡುವ ಡೈಸಲ್ಫಿರಾಂ ಮಾತ್ರೆ ಮಾಡುವುದೂ ಇದನ್ನೇ.

ಅಪ್ಪ, ಅಮ್ಮ ಇಬ್ಬರಿಂದಲೂ ಕಿಣ್ವವನ್ನು ಮಂದ ಮಾಡುವ ಈ ಜೀನ್ ಬಂದವರು ಕುಡಿಯಲಾರರು, ಅವರಿಗೆ ಚಟ ಹತ್ತುವುದು ಇಲ್ಲವೇ ಇಲ್ಲ ಎನ್ನಬಹುದು. ತೊಂದರೆ ಇರುವುದು ಒಬ್ಬರಿಂದ ಮಾತ್ರ ಬಂದವರಿಗೆ. ಜಪಾನಿನ ಮದ್ಯವ್ಯಸನಿಗಳಲ್ಲಿ ಇಂಥವರು ಎಷ್ಟಿದ್ದಾರೆ ಅಂತ ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದರು. 1979ರಲ್ಲಿ 2.5%, 1986ರಲ್ಲಿ 8%, 1992ರಲ್ಲಿ 13%. ಹದಿಮೂರು ವರ್ಷದಲ್ಲಿ ಒಂದು ದೇಶದ ಜೀನ್ ಬದಲಾಗುವುದಿಲ್ಲ ಅಲ್ವಾ? ಬದಲಾದದ್ದು ಕುಡಿಸುವ ಪದ್ಧತಿ. ಆಫೀಸ್ ಮುಗಿದ ಮೇಲೆ ಬಾಸ್ ಗ್ಲಾಸ್ ತುಂಬಿಸಿದರೆ ಬೇಡ ಅನ್ನುವುದು ಕಷ್ಟ. ದೇಹ ಬೇಡ ಅಂದರೂ ಕಂಪನಿ ಬಿಡಲಿಲ್ಲ. ಇದು ನನ್ನ ಅಭಿಪ್ರಾಯ.

"ಅಭ್ಯಾಸ ಆಯ್ತು" ಎಂಬ ಮಾತು ಕೇಳಿದರೆ ನನಗೆ ಹೆಚ್ಚು ಭಯ. ಕೆಂಪಾಗುವುದು ಕಡಿಮೆಯಾದರೂ ಕಿಣ್ವ ಸರಿಹೋಗಿರುವುದಿಲ್ಲ. ಇಂಥವರು ಜಾಸ್ತಿ ಕುಡಿದರೆ ಅನ್ನನಾಳದ ಕ್ಯಾನ್ಸರ್ ಅಪಾಯ ಬಹಳ ಏರುತ್ತದೆ. ಅದಕ್ಕೇ ಅಲ್ಲಿನ ವೈದ್ಯರು "ಈಗ ಕೆಂಪಾಗುತ್ತೀರಾ" ಅಂತಷ್ಟೇ ಕೇಳಿ ಬಿಡುವುದಿಲ್ಲ. ಕುಡಿಯಲು ಶುರು ಮಾಡಿದ ಮೊದಲ ಒಂದೆರಡು ವರ್ಷ ಕೆಂಪಾಗುತ್ತಿತ್ತಾ ಅಂತಲೂ ಕೇಳುತ್ತಾರೆ. ನಿಮ್ಮ ಹಿರಿಯರು ಒಮ್ಮೆ ಎಂಡೋಸ್ಕೋಪಿ ಮಾಡಿಸಿಕೊಳ್ಳಲಿ.

ಇನ್ನೊಬ್ಬರು: ಸರ್, ನಮ್ಮವರಿಗೂ ಈ ಜೀನ್ ಇರುತ್ತಾ?

ಡಾಕ್ಟರ್: ತೀರಾ ಅಪರೂಪ. ನಮಗೆ ಆ ಅರ್ಧ ರಕ್ಷಣೆಯೂ ಇಲ್ಲ ಅಂದುಕೊಳ್ಳಿ.

ಪ್ರಶ್ನೆ ಕೇಳಿದವರು: ಮರೆವು ಕುಡಿತದಿಂದಲೇ ಬಂದಿರಬಹುದಾ?

ಡಾಕ್ಟರ್: ಇರಬಹುದು. ಜಾಸ್ತಿ ಕುಡಿಯುವವರಿಗೆ ಊಟ ಸೇರುವುದಿಲ್ಲ, ಬಿ-1 ವಿಟಮಿನ್ ಕಡಿಮೆಯಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಬೇಗ ಗೊತ್ತಾದರೆ ಬಿ-1 ಇಂಜೆಕ್ಷನ್‌ನಿಂದ ದೊಡ್ಡ ಹಾನಿ ತಪ್ಪಿಸಬಹುದು. ಆದರೆ ಖಿನ್ನತೆ, ಥೈರಾಯ್ಡ್, ಅಲ್ಝೈಮರ್, ಎಲ್ಲವನ್ನೂ ನೋಡಬೇಕು.

ಜಪಾನಿನಲ್ಲಿ ಮರೆವನ್ನು ಅಳೆಯಲು ಮೊದಲು ಹಸೆಗಾವಾ ಪರೀಕ್ಷೆ ಮಾಡುವುದು ಜಾಸ್ತಿ. 1974ರಲ್ಲಿ ಬಂದದ್ದು, 1991ರಲ್ಲಿ ತಿದ್ದಿದರು. ವಯಸ್ಸೆಷ್ಟು, ಇವತ್ತು ಯಾವ ವಾರ ಅಂತ ಕೇಳುತ್ತಾರೆ. "ಸಕುರಾ, ಬೆಕ್ಕು, ರೈಲು" ಅಂತ ಮೂರು ಪದ ಹೇಳಿಸಿ, 100ರಿಂದ 7 ಕಳೆಯಿರಿ ಅಂತ ಗಮನ ತಪ್ಪಿಸಿ, ಮತ್ತೆ ಆ ಮೂರನ್ನೇ ಕೇಳುತ್ತಾರೆ. ಒಂದಿಷ್ಟು ತರಕಾರಿ ಹೆಸರನ್ನೂ ಹೇಳಿಸುತ್ತಾರೆ. 30ಕ್ಕೆ 20 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುಮಾನ. ಅದೇ ಕಾಯಿಲೆ ಅಂತ ತೀರ್ಪಲ್ಲ. ಇದನ್ನು ರೂಪಿಸಿದ ಕಝುವೊ ಹಸೆಗಾವಾ ತಮಗೇ ಮರೆವಿನ ಕಾಯಿಲೆ ಬಂದಿದೆ ಅಂತ 2017ರಲ್ಲಿ ಎಲ್ಲರೆದುರು ಹೇಳಿಕೊಂಡರು. ಅಷ್ಟು ದೊಡ್ಡ ಡಾಕ್ಟರೇ ಮುಚ್ಚಿಡಲಿಲ್ಲ, ನಿಮ್ಮ ಹಿರಿಯರಿಗೆ ಇದನ್ನು ಹೇಳಿ ನೋಡಿ.

ಪ್ರಶ್ನೆ ಕೇಳಿದವರು: ಆಸ್ಪತ್ರೆ ಅಂದರೆ ಸಾಕು, ಎದ್ದು ಹೋಗುತ್ತಾರೆ ಸರ್.

ಡಾಕ್ಟರ್: ಹಾಗಾದರೆ ಹೆಂಡತಿ ಮೊದಲು ಹೋಗಲಿ. ಪ್ರತಿ ಪ್ರಿಫೆಕ್ಚರ್‌ನಲ್ಲೂ (ಪ್ರಾಂತ್ಯದಲ್ಲೂ) ಸರ್ಕಾರದ ಮಾನಸಿಕ ಆರೋಗ್ಯ ಕೇಂದ್ರ ಇದೆ, ಮನೆಯವರು ಮಾತ್ರ ಹೋದರೂ ಮಾತಾಡುತ್ತಾರೆ. ನಿಮಗೆ ಹತ್ತಿರದಲ್ಲೇ ಯೊಕೊಸುಕಾದ ಕುರಿಹಾಮಾ ಆಸ್ಪತ್ರೆ ಇದೆ. ಜಪಾನಿನಲ್ಲಿ ಮದ್ಯವ್ಯಸನಕ್ಕೇ ಅಂತ ಮೊದಲ ವಾರ್ಡ್ 1963ರಲ್ಲಿ ತೆರೆದದ್ದು ಅಲ್ಲೇ. ದನ್‌ಶುಕಾಯ್ ಎಂಬ ಕುಡಿತ ಬಿಟ್ಟವರ ಸಂಘಗಳೂ ಇವೆ. ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಹೆಸರು ಮರೆಮಾಚುತ್ತಾರಲ್ಲ, ಇಲ್ಲಿ ಹೆಸರು ಹೇಳಿಕೊಂಡೇ ಮಾತಾಡುತ್ತಾರೆ, ಹೆಂಡತಿಯೂ ಪಕ್ಕದಲ್ಲಿ ಕೂತು ತನ್ನ ಕಷ್ಟ ಹೇಳುತ್ತಾಳೆ. ನನಗೆ ಇದು ಬಹಳ ಹಿಡಿಸುತ್ತದೆ. ಕುಡಿತದ ಏಟು ಮನೆಗೆಲ್ಲ ಬಿದ್ದಿರುವಾಗ ಒಬ್ಬರನ್ನೇ ಕೂರಿಸಿ ಮಾತಾಡಿಸಿದರೆ ಏನು ಬಂತು?

ಒಂದು ಎಚ್ಚರಿಕೆ. ದಿನಾ ಕುಡಿಯುವವರ ಬಾಟಲಿ ಬಚ್ಚಿಟ್ಟು ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಏನೇನೋ ಕಂಡಂತೆ ಆಡಿದರೆ, ಫಿಟ್ಸ್ ಬಂದರೆ ಆಂಬುಲೆನ್ಸ್‌ಗೆ 119ಕ್ಕೆ ಫೋನ್ ಮಾಡಿ. ಬಿಡಿಸುವುದನ್ನು ಡಾಕ್ಟರ ಕಣ್ಣೆದುರಲ್ಲೇ ಮಾಡಿಸಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಅವರ ಹೆಂಡತಿ ಹೋಗುವಾಗ ಏನು ತಗೊಂಡು ಹೋಗಬೇಕು?

ಡಾಕ್ಟರ್: ಎರಡು ವಾರ ಎಷ್ಟು ಕುಡಿದರು, ಏನು ಮರೆತರು ಅಂತ ಬರೆದ ಒಂದು ಚೀಟಿ. ಮಾತ್ರೆ ಏನಾದರೂ ತಗೋತಿದ್ದರೆ ಅದರ ಪಟ್ಟಿ. ಉಳಿದದ್ದನ್ನು ಅಲ್ಲಿನವರೇ ಕೇಳುತ್ತಾರೆ.