ರಾಯರ ದಾನಪತ್ರ

ನಮ್ಮ ವಾಕಿಂಗ್ ಗ್ಯಾಂಗಿನಲ್ಲಿ ವಾಕಿಂಗ್ ಕಮ್ಮಿ, ದರ್ಶಿನಿ ಮುಂದೆ ನಿಂತು ಬೈಟು ಕಾಫಿ ಕುಡಿಯುವುದೇ ಜಾಸ್ತಿ. ಈ ವಾರದ ವಿಷಯ ರಾಯರ ಮನೆ. ಮಗನ ಹೆಸರಿಗೆ ದಾನಪತ್ರ ಮಾಡಿಕೊಡಬೇಕೋ ಬೇಡವೋ ಅಂತ ಅವರು ನಿದ್ದೆಗೆಟ್ಟಿದ್ದಾರೆ, ಈಗ ನಮ್ಮದೂ ಕೆಡಿಸುತ್ತಿದ್ದಾರೆ.

"ಮಾಡ್ಕೊಡಿ, ಆದ್ರೆ ಷರತ್ತು ಹಾಕಿ," ಅಂದರು ಮೇಷ್ಟ್ರು. ನಿವೃತ್ತರಾದ ಮೇಲೆ ಪಾಠ ಹೇಳಲು ಅವರಿಗೆ ಸಿಕ್ಕಿರುವುದು ನಾವೇ. 2007ರ ಹಿರಿಯ ನಾಗರಿಕರ ಕಾಯ್ದೆ, ಸೆಕ್ಷನ್ 23. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಆಮೇಲೆ ಮಗನೋ ಮಗಳೋ ಕೈಬಿಟ್ಟರೆ ದಾನಪತ್ರ ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಈ ಸೆಕ್ಷನ್ ಕೆಲಸಕ್ಕೆ ಬರಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಿನಲ್ಲಿ ಸ್ವಲ್ಪ ಉದಾರವಾಗಿ ಓದಿ ದಾನಪತ್ರ ರದ್ದು ಮಾಡಿತು. ಅಲ್ಲೂ ಮಗ ನೋಡಿಕೊಳ್ಳುತ್ತೇನೆ ಅಂತ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ ಅನ್ನಿ.

ರಾಯರು ತಕ್ಷಣ ಕಾಫಿ ಬಿಲ್ಲಿನ ಹಿಂದೆ ಷರತ್ತು ಬರೆಯಲು ಶುರು ಮಾಡಿದರು. ಬ್ಯಾಂಕಿನಲ್ಲಿ ಪಳಗಿದ ಕೈ. ಒಂದು, ಊಟ. ಎರಡು, ಔಷಧಿ. ಮೂರು, ಸಂಜೆ ಐದಕ್ಕೆ ಫಿಲ್ಟರ್ ಕಾಫಿ, ಅದೂ ಹೊಸ ಡಿಕಾಕ್ಷನ್ನಿನದು, ಬೆಳಗಿನದಕ್ಕೇ ಇನ್ನೊಂದ್ಸಲ ನೀರು ಹೊಯ್ದದ್ದಲ್ಲ. ನಾಲ್ಕು, ಟಿವಿ ರಿಮೋಟು. ಐದು, ಮೊಬೈಲಿನ ಬಗ್ಗೆ ಏನಾದರೂ ಕೇಳಿದಾಗ "ನಿನ್ನೆ ತಾನೇ ಹೇಳ್ಕೊಟ್ನಲ್ಲಪ್ಪಾ" ಅನ್ನಕೂಡದು.

"ಕಾಯ್ದೆಯಲ್ಲಿರೋದು ಮೂಲ ಸೌಕರ್ಯ ಅಂತ. ರಿಮೋಟು ಹೇಗ್ರೀ ಬರುತ್ತೆ?" ಅಂದೆ.

"ಸೀರಿಯಲ್ ಟೈಮಲ್ಲಿ ನಮ್ಮನೆಗೆ ಬಂದು ನೋಡಿ."

ಅಷ್ಟು ಹೊತ್ತು ಸುಮ್ಮನಿದ್ದ ಪದ್ಮಕ್ಕ ಲೋಟ ಕೆಳಗಿಟ್ಟರು. "ಅದಿರ್ಲಿ, ನಿಮ್ಮಮ್ಮ ಎಲ್ಲಿದ್ದಾರೆ ರಾಯರೇ?"

"ಸಾಗರದಲ್ಲಿ. ಅಣ್ಣನ ಮನೇಲಿ."

"ನೀವು ಯಾವಾಗ ಹೋಗಿದ್ದು?"

"ಗಣಪತಿ ಹಬ್ಬಕ್ಕೆ ಹೋಗಿದ್ನಲ್ಲ."

"ಯಾವ ವರ್ಷದ್ದು?"

ಮೇಷ್ಟ್ರಿಗೆ ಹಬ್ಬ. ಮಗ ಅನ್ನಿಸಿಕೊಳ್ಳೋಕೆ ಕಾಯ್ದೆಯಲ್ಲಿ ನಿವೃತ್ತಿ ವಯಸ್ಸಿಲ್ಲವಂತೆ. ಅಂದರೆ ರಾಯರು ಈ ಅರ್ಜಿಗಳನ್ನು ಕೇಳುವ ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಸಾಹೇಬ್ರ ಮುಂದೆ ಬೆಳಿಗ್ಗೆ ಅರ್ಜಿದಾರ, ಮಧ್ಯಾಹ್ನ ಎದುರುದಾರ! ಜೀವನಾಂಶ ತಿಂಗಳಿಗೆ ಹೆಚ್ಚೆಂದರೆ 10,000 ಅಂತ ಕಾಯ್ದೆ ಬರೆದಾಗ ಇಟ್ಟ ಲೆಕ್ಕ. ಈಗ ಬಿಪಿ, ಶುಗರ್ ಮಾತ್ರೆಗೂ ಮನೆ ಬಾಡಿಗೆಗೂ ಅದು ಎಲ್ಲಿ ಸಾಲುತ್ತೆ ಹೇಳಿ. ಹೆತ್ತವರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡರೆ ಮೂರು ತಿಂಗಳವರೆಗೆ ಜೈಲೂ ಉಂಟು. ನನಗನ್ನಿಸುವುದು, ಈ ಜೈಲಿನ ಮಾತಿಂದಲೇ ಎಷ್ಟೋ ಅಮ್ಮಂದಿರು ಆ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಹತ್ತಿದರೂ ಮೊದಲು ಕೇಳುವುದು, "ಅವನಿಗೇನೂ ತೊಂದರೆ ಆಗಲ್ವಲ್ಲಾ ಸಾರ್?"

ರಾಯರು ಬಿಲ್ಲನ್ನು ಮಡಚಿ ಜೇಬಿಗೆ ಹಾಕಿ ಮಾತು ತಿರುಗಿಸಿದರು. "ಮೊಮ್ಮಕ್ಕಳ ಮೇಲೂ ಅರ್ಜಿ ಹಾಕ್ಬಹುದಾ ಮೇಷ್ಟ್ರೇ?"

"ಹಾಕ್ಬಹುದು. ಆದ್ರೆ ಹದಿನೆಂಟು ತುಂಬಿರ್ಬೇಕು."

ಪದ್ಮಕ್ಕ ವಾಚು ನೋಡಿಕೊಂಡು ಗಡಬಡಿಸಿ ಚೀಲ ಎತ್ತಿಕೊಂಡರು. "ನಮ್ಮವನಿಗೆ ಈಗಿನ್ನೂ ನಾಲ್ಕು. ಮಗ, ಸೊಸೆ ಇಬ್ಬರಿಗೂ ಆಫೀಸು. ನಾನು ಹೋಗಿ ಚಡ್ಡಿ ಹಾಕದಿದ್ರೆ ಸ್ಕೂಲ್ ವ್ಯಾನ್ ಹೊರಟೇ ಹೋಗುತ್ತೆ, ಬರ್ತೀನ್ರಪ್ಪಾ!"